ಏನೂ ಕೊಳ್ಳದೆ ಹತ್ತು ನಿಮಿಷ ಕೂರೋ ಜಾಗ ಹೆದ್ದಾರಿಯಲ್ಲಿ ಎಲ್ಲಿದೆ?

ಹಳೇರಸ್ತೆ:
ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಯಾವ ಊರನ್ನೂ ಮುಟ್ಟದೆ ಶ್ರೀರಂಗಪಟ್ಟಣದ ಹತ್ತಿರ ಇಳೀಬಹುದು. ರಸ್ತೆ ಚೆನ್ನಾಗಿದೆ, ಅದರ ಬಗ್ಗೆ ಜಗಳ ಇಲ್ಲ. ನನ್ನ ತಕರಾರು ಬೇರೆ. ಉದ್ಘಾಟನೆ ಹೊತ್ತಿಗೆ ಮುಖ್ಯ ರಸ್ತೆ ಮೇಲೆ ಒಂದು ಶೌಚಾಲಯ, ಒಂದು ಬಂಕ್ ಇರಲಿಲ್ಲ. ಇಷ್ಟು ದುಡ್ಡಿನ ನಕ್ಷೆ ಬರೆದವರಿಗೆ ಮನುಷ್ಯ ದಾರಿಯಲ್ಲಿ ಸುಸ್ತಾಗ್ತಾನೆ ಅನ್ನೋದು ಹೊಳೀಲಿಲ್ಲ.

ಮೊದಲು ರಸ್ತೆ ಪಕ್ಕ ಹುಣಸೆ, ಆಲ, ಗೋಣಿ ಸಾಲು ಇರ್ತಿತ್ತು. ಬುಡದಲ್ಲಿ ಕಟ್ಟೆ, ಬೇಸಿಗೆಯಲ್ಲಿ ಯಾರೋ ಪುಣ್ಯಾತ್ಮರ ಅರವಟ್ಟಿಗೆ. ಬುತ್ತಿ ಬಿಚ್ಚಿ ತಿಂದು ಎದ್ದು ಹೋದರೆ ಯಾರೂ ಬಿಲ್ ಕೇಳ್ತಿರಲಿಲ್ಲ. ಈಗ ಕೂರಬೇಕಾದರೆ ಕಾಫಿಯನ್ನಾದರೂ ಕೊಳ್ಳಬೇಕು.

ಟಾಪ್‌ಗೇರ್:
ಸರ್, ಈ ಅರವಟ್ಟಿಗೆ ಕಥೆ ಕೇಳೋಕೆ ಚೆಂದ. ಹಳೇ ರಸ್ತೇಲಿ ಮೈಸೂರಿಗೆ ಮೂರೂವರೆ ಗಂಟೆ, ದಸರಾ ಟೈಮಲ್ಲಿ ಐದು. ಈಗ ಒಂದೂವರೆ ಗಂಟೆ. ಅಷ್ಟು ಹೊತ್ತು ತಡ್ಕೊಳ್ಳೋಕೆ ಆಗಲ್ವಾ? ಆಗದಿದ್ರೆ ಎಕ್ಸಿಟ್ ತಗೊಂಡು ಸರ್ವೀಸ್ ರೋಡಿಗೆ ಇಳೀರಿ, ಬೇಕಾದಷ್ಟು ಹೋಟೆಲ್ ಇದಾವೆ.

ಹಾಸನದವಳು:
"ತಡ್ಕೊಳ್ಳೋಕೆ ಆಗಲ್ವಾ" ಅಂತ ಕೇಳಿದ್ದಕ್ಕೆ ಉತ್ತರ: ಆಗಲ್ಲ. ಶುಗರ್ ಇರೋ ಅಮ್ಮನಿಗೆ ಆಗಲ್ಲ, ಐದು ವರ್ಷದ ಮಗುವಿಗೆ ಆಗಲ್ಲ, ತುಂಬು ಬಸುರಿಗೆ ಆಗಲ್ಲ.

ಹಾಗಂತ ಹಳೇರಸ್ತೆ ಅವರ ಪಕ್ಷವೂ ನಾನಲ್ಲ. ಆ ಹುಣಸೆ ಮರ ನಿಮಗೆ ನೆರಳೂ ಆಗಿತ್ತು, ಮರೆಯೂ ಆಗಿತ್ತು. ನಮಗೆ ಬರೀ ನೆರಳು. ನಮ್ಮ ಅಜ್ಜಿ ಬಸ್ ಹತ್ತೋ ಹಿಂದಿನ ರಾತ್ರಿಯಿಂದ ನೀರೇ ಕುಡೀತಿರಲಿಲ್ಲ. ನಾನು ಈಗಲೂ ಅದನ್ನೇ ಮಾಡ್ತೀನಿ. ಹಳೇ ಕಾಲದ ರಸ್ತೇಲಿ ಹೆಂಗಸರಿಗೆ ಏನೂ ಇರಲಿಲ್ಲ, ಹೊಸದರಲ್ಲೂ ಇಲ್ಲ. ಇದ್ದದ್ದು ಕಳೆದುಹೋಯ್ತು ಅಂತ ಗಂಡಸರು ಈಗ ಅಳ್ತಿದೀರಿ, ಅಷ್ಟೆ.

ಹಳೇರಸ್ತೆ:
ಒಪ್ಪಿದೆ. ಆದರೆ ಇಲ್ಲದ್ದನ್ನು ಸೇರಿಸೋ ಬದಲು ಇದ್ದದ್ದನ್ನೂ ತೆಗೆದ್ರಲ್ಲ, ಅದಕ್ಕೇನಂತೀರಿ? ಮಾಗಡಿ ಕಡೆ ಹುಲಿಕಲ್–ಕುದೂರು ರಸ್ತೆಯ ಆಲದ ಸಾಲು ಸಾಲುಮರದ ತಿಮ್ಮಕ್ಕ ಬೆಳೆಸಿದ್ದು, ದೇಶಕ್ಕೆಲ್ಲ ಗೊತ್ತು. ರಸ್ತೆ ಅಗಲ ಮಾಡೋಕೆ ಅದನ್ನು ಕಡೀಬೇಡಿ ಅಂತ 2019ರಲ್ಲಿ ಆ ವಯಸ್ಸಲ್ಲಿ ಆಕೆಯೇ ಮುಖ್ಯಮಂತ್ರಿಗೆ ಮನವಿ ಮಾಡಬೇಕಾಯ್ತು. ಹೆಸರಿಲ್ಲದ ಸಾಲುಗಳ ಪರವಾಗಿ ಯಾರು ಹೋಗ್ತಾರೆ?

ಬಲದಂಡೆ ನಾಲೆ:
ಎಕ್ಸಿಟ್ ತಗೊಳಿ ಅಂತ ಯೋಳೋದು ಸುಲಭ ಬುಡಿ. ಒಂದ್ ಸಲ ಕೆಳಗಿಳುದ್ರೆ ಮತ್ತೆ ಮೇಲಕ್ಕತ್ತೋ ಜಾಗ ಎಲ್ಲೈತೆ ಅಂತ ಉಡುಕ್ಬೇಕು. ಅದ್ಕೇ ಯಾರೂ ಇಳಿಯಾಕಿಲ್ಲ. ಮದ್ದೂರಲ್ಲಿ ವಡೆ ಮಾರೋರು, ಚನ್ನಪಟ್ಣದಲ್ಲಿ ಗೊಂಬೆ ಅಂಗಡಿ ಇಟ್ಕೊಂಡೋರು, ಬಿಡದೀಲಿ ತಟ್ಟೆ ಇಡ್ಲಿ ಬೇಯ್ಸೋರು, ಇವರ ವ್ಯಾಪಾರ ಏನಾಯ್ತು ಅಂತ ಹೋಗಿ ಕೇಳಿ. ನಮ್ಮೋರಿಗೆ ಅದು ಬರೀ ಅಂಗಡಿ ಅಲ್ಲ ಕಣ್ರೀ. ಕಾರು ನಿಲ್ಸಿ ಮುಖ ತೊಳ್ಕೊಳೋರು, ಮಗೀಗೆ ಹಾಲು ಬಿಸಿ ಮಾಡುಸ್ಕೊಳೋರು, ಎಲ್ಲಾರ್ಗೂ ಅದೇ ತಂಗುದಾಣ.

ಇನ್ನೊಂದು. 2023ರ ಆಗಸ್ಟ್ ಒಂದನೇ ತಾರೀಕಿಂದ ಬೈಕು, ಆಟೋ, ಟ್ರ್ಯಾಕ್ಟರು ಮೇನ್ ರೋಡಿಗೆ ಬರಂಗಿಲ್ಲ. ಅಂದ್ರೆ ನಾಳೆ ನೀವು ಅಲ್ಲಿ ಚಿನ್ನದ ಬೆಂಚ್ ಹಾಕುದ್ರೂ ನಮ್ಮ ಬೈಕ್ ಹುಡುಗ್ರು ಕೂರೋ ಆಗಿಲ್ಲ.

ಟಾಪ್‌ಗೇರ್:
ಸ್ಪೀಡಾಗಿ ಹೋಗೋ ಕಾರುಗಳ ನಡುವೆ ಬೈಕ್‌ನವರು ಬಂದು ಸಾಯ್ತಿದ್ರು, ಅದಕ್ಕೇ ನಿಲ್ಸಿದ್ದು. ಅದನ್ನೂ ತಪ್ಪು ಅಂದ್ರೆ ಏನ್ ಹೇಳೋದು.

ಹನ್ನೆರಡು ಗಾಲಿ:
ಎಲ್ಲಾರೂ ಕಾರಿನ ಲೆಕ್ಕದಾಗ ಮಾತಾಡಾಕ್ಹತ್ತೀರಿ. ನಾ ಲಾರಿಯವ, ಹುಬ್ಬಳ್ಳಿ ಕಡೆ. ಒಂದೂವರೆ ತಾಸು ನಮಗ ಏನಲ್ರಿ. ನಮ್ಮದು ರಾತ್ರಿ ಪೂರಾ, ಮರುದಿವಸಾನೂ. ಬೆಳಗಿನ ಜಾವ ಮೂರರ ಮ್ಯಾಲೆ ಕಣ್ಣು ತಾವಾಗೇ ಮುಚ್ಚತಾವು. ಆವಾಗ ಗಾಡಿ ಎಲ್ಲಿ ಹಚ್ಚೂದು? ಬಂಕಿನ್ಯಾಗ ಡೀಸೆಲ್ ಹಾಕಿಸಿದ್ರ ಅಷ್ಟ ನಿಂದರಸಾಕ ಬಿಡ್ತಾರ. ಡಾಬಾದಾಗ ಜಾಗ ತುಂಬಿರ್ತದ. ಕತ್ತಲದಾಗ ಒಂಟಿ ನಿಂತ್ರ ಟ್ಯಾಂಕಿನ ಡೀಸೆಲ್ ಹೋತು, ತಾಡಪತ್ರಿ ಕೊಯ್ದು ಮಾಲು ಹೋತು. ಅದಕ್ಕ ನಾಲ್ಕು ಗಾಡಿ ಕೂಡಿ ರಸ್ತಿ ಬಾಜೂಕ ಹಚ್ಚತೀವಿ.

2024ರ ಜೂನ್ 28ರಂದು ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ರ ಏನಾತು ನೆನಪೈತೇನ್ರಿ? ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆ ಹೊಂಟಿದ್ದ ಟಿಟಿ (ಟೆಂಪೊ ಟ್ರಾವೆಲರ್), ರಸ್ತಿ ಬಾಜೂಕ ನಿಂತಿದ್ದ ಲಾರಿಗೆ ಹಿಂದಿನಿಂದ ಹೊಡೀತು. 13 ಮಂದಿ ಹೋದ್ರು. ತಪ್ಪು ಯಾರದು ಅಂತ ನಾ ಹೇಳಂಗಿಲ್ಲ. ಆದ್ರ ಆ ಹೊತ್ತಿನ್ಯಾಗ ರಸ್ತಿ ಮ್ಯಾಲೆ ನಿದ್ದಿಗಣ್ಣಿನ ಮಂದಿ ಎಷ್ಟಿರ್ತಾರ, ನಿಂದ್ರಾಕ ಜಾಗ ಎಷ್ಟೈತಿ, ನೀವ ನೋಡ್ರಿ.

ಸಿವಿಲ್ ಮೇಷ್ಟ್ರು:
ರಸ್ತೆ ಕೆಲಸದಲ್ಲೇ ಇರೋನು, ಸ್ವಲ್ಪ ಹೇಳ್ತೀನಿ. ಲಾರಿಗಳಿಗೆ ಅಂತ "ಲೇ-ಬೈ" ಮಾಡ್ತೀವಿ. ಹೆದ್ದಾರಿ ಪಕ್ಕ ಹೊಟ್ಟೆ ಉಬ್ಬಿದ ಹಾಗೆ ಸ್ವಲ್ಪ ಅಗಲ, ಅಷ್ಟೆ. ಎಷ್ಟೋ ಕಡೆ ಅಲ್ಲಿ ದೀಪ ಉರಿಯಲ್ಲ, ನೀರಿರಲ್ಲ.

ಈಗಿನ ನೀತಿ ಬೇರೆ. ಹೆದ್ದಾರಿ ಪ್ರಾಧಿಕಾರ 2021ರಲ್ಲಿ 600ಕ್ಕೂ ಹೆಚ್ಚು ಕಡೆ ಮಾರ್ಗಬದಿ ಸೌಲಭ್ಯ ಮಾಡ್ತೀವಿ ಅಂತ ಘೋಷಿಸಿತು. ಈಗಿನ ಲೆಕ್ಕ 40ರಿಂದ 60 ಕಿ.ಮೀ.ಗೆ ಒಂದು. ಜಾಗ ಸರ್ಕಾರದ್ದು, ಖಾಸಗಿಯವರು ಟೆಂಡರ್‌ನಲ್ಲಿ ಗುತ್ತಿಗೆ ಹಿಡಿದು ಬಂಕ್, ಫುಡ್ ಕೋರ್ಟ್, ಚಾರ್ಜಿಂಗ್, ಶೌಚಾಲಯ ಎಲ್ಲ ಕಟ್ಟಿ ನಡೆಸ್ತಾರೆ. ದೊಡ್ಡ ಜಾಗಗಳಲ್ಲಿ ಲಾರಿಯವರಿಗೆ ಪ್ರತ್ಯೇಕ ವಿಭಾಗ: ಮಲಗೋ ಕೋಣೆ, ಸ್ನಾನ, ಅಡುಗೆ ಮಾಡಿಕೊಳ್ಳೋ ಕಟ್ಟೆ. 2024ರ ಅಕ್ಟೋಬರ್‌ನಲ್ಲಿ ಹಮ್‌ಸಫರ್ ಅಂತ ಇನ್ನೊಂದು ನೀತಿ ಬಂತು, ಈಗಾಗಲೇ ಇರೋ ಬಂಕ್, ಡಾಬಾಗಳನ್ನೇ ನೋಂದಾಯಿಸಿ ರೇಟಿಂಗ್ ಕೊಡೋದು.

ಹಳೇರಸ್ತೆ ಅವರಿಗೆ ಬೇಜಾರಾಗಬಹುದು, ಆದರೂ ಹೇಳ್ತೀನಿ. ಗಳಿಕೆ ಇಲ್ಲದ ಜಾಗವನ್ನು ಯಾರೂ ಗುಡಿಸಲ್ಲ. ಇಲಾಖೆಯವರು ಕಟ್ಟಿದ ಶೌಚಾಲಯಕ್ಕೆ ಉದ್ಘಾಟನೆ ಮಾರನೇ ದಿನದಿಂದ ಬೀಗ. ಅಂಗಡಿ ಇದ್ದರೆ ಮಾತ್ರ ಟಾಯ್ಲೆಟ್ ತೊಳೀತಾರೆ.

ರಿಚ್ಮಂಡ್ ಕನ್ನಡಿಗ:
ಮೇಷ್ಟ್ರ ಮಾತಿಗೆ ಉಲ್ಟಾ ಉದಾಹರಣೆ ಇಲ್ಲಿ ಅಮೆರಿಕದಲ್ಲಿದೆ. ಇಂಟರ್‌ಸ್ಟೇಟ್ ಹೆದ್ದಾರಿಯ ರೆಸ್ಟ್ ಏರಿಯಾದಲ್ಲಿ ಹೋಟೆಲ್, ಬಂಕ್ ಇಡೋದೇ ಫೆಡರಲ್ ಕಾನೂನಿಗೆ ವಿರುದ್ಧ. ತಿಂಡಿಯ ಯಂತ್ರ ಇಡಬಹುದು, ಅಷ್ಟೆ. ಎಕ್ಸಿಟ್ ಹತ್ತಿರ ಅಂಗಡಿ ಇಟ್ಟವರ ಹೊಟ್ಟೆಗೆ ಹೊಡೀಬಾರದು ಅಂತ. ಮದ್ದೂರಿನವರ ವಾದವೇ. ಹಾಗಾಗಿ ಮರ, ಬೆಂಚು, ನೀರು, ಶೌಚಾಲಯ ಎಲ್ಲ ಪುಕ್ಕಟೆ, ಖರ್ಚು ರಾಜ್ಯದ್ದು.

ಪರಿಣಾಮ ಏನಾಯ್ತು ನೋಡಿ. 2009ರಲ್ಲಿ ಬೊಕ್ಕಸ ಬರಿದಾದಾಗ ನಮ್ಮ ವರ್ಜೀನಿಯಾ ರಾಜ್ಯ 42 ರೆಸ್ಟ್ ಏರಿಯಾಗಳಲ್ಲಿ 19 ಮುಚ್ಚಿತು. ಅರಿಜೋನಾ 18ರಲ್ಲಿ 13. ಜನ ರೊಚ್ಚಿಗೆದ್ದರು, ಚುನಾವಣೆಯಲ್ಲೂ ವಿಷಯವಾಯ್ತು, ಹೊಸ ಗವರ್ನರ್ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ) ಬಂದ ಮೇಲೆ 2010ರಲ್ಲಿ ಇಲ್ಲಿಯವನ್ನು ಮತ್ತೆ ತೆರೆದರು.

ಹನ್ನೆರಡು ಗಾಲಿ ಅವರಿಗೆ: ಅದೇ 2009ರಲ್ಲಿ ಜೇಸನ್ ರಿವನ್‌ಬರ್ಗ್ ಅನ್ನೋ ಟ್ರಕ್ ಚಾಲಕ ಮಾಲು ಇಳಿಸೋ ಹೊತ್ತಿಗಿಂತ ಬೇಗ ಬಂದುಬಿಟ್ಟ, ನಿಲ್ಲಿಸೋಕೆ ಜಾಗ ಸಿಗದೆ ಸೌತ್ ಕ್ಯಾರೊಲಿನಾದ ಒಂದು ಪಾಳು ಬಂಕಿನಲ್ಲಿ ಗಾಡಿ ಹಾಕಿದ. ದರೋಡೆಕೋರ ಕೊಂದ. ಆತನ ಹೆಂಡತಿ ಹೋರಾಡಿ 2012ರಲ್ಲಿ ಆತನ ಹೆಸರಲ್ಲೇ ಟ್ರಕ್ ನಿಲುಗಡೆ ಕಾನೂನು ಆಯ್ತು. ಜಾಗದ ಕೊರತೆ ಮಾತ್ರ ಇನ್ನೂ ಹಾಗೇ ಇದೆ.

ಸಿವಿಲ್ ಮೇಷ್ಟ್ರು:
ನೋಡಿ, ಇದು ನನ್ನ ಮಾತಿಗೇ ಸಾಕ್ಷಿ. ಸರ್ಕಾರದ ದುಡ್ಡು ನಂಬಿದರೆ ದುಡ್ಡು ಮುಗಿದ ದಿನ ಬೀಗ.

ರಿಚ್ಮಂಡ್ ಕನ್ನಡಿಗ:
ಬೀಗ ಹಾಕಿದ ಮೇಲೆ ತೆಗೆಸಿದ್ದೂ ಜನವೇ, ಮೇಷ್ಟ್ರೇ. ಅದು ತಮ್ಮದು ಅಂತ ಅವರಿಗೆ ಗೊತ್ತಿತ್ತು. ಫುಡ್ ಕೋರ್ಟ್ ಮುಚ್ಚಿದರೆ ಯಾರು ಗವರ್ನರ್ ಮನೆ ಮುಂದೆ ಹೋಗ್ತಾರೆ?

ಹಳೇರಸ್ತೆ:
ಇಷ್ಟಕ್ಕೂ ಪುಕ್ಕಟೆ ಕೇಳ್ತಾ ಇಲ್ಲ ನಾವು. ಟೋಲ್ ಕಟ್ಟಿಲ್ವಾ?

ಸಿವಿಲ್ ಮೇಷ್ಟ್ರು:
ಟೋಲ್ ಪ್ಲಾಜಾ ಹತ್ತಿರ ಶೌಚಾಲಯ ಇರ್ತವೆ. ಕೊಳಕಾಗಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. 2025ರ ಅಕ್ಟೋಬರ್‌ನಲ್ಲಿ ಪ್ರಾಧಿಕಾರ ಒಂದು ಬಹುಮಾನ ಕೂಡ ಇಟ್ಟಿತ್ತು: ಕೊಳಕು ಶೌಚಾಲಯದ ಫೋಟೋ ರಾಜಮಾರ್ಗಯಾತ್ರಾ ಆ್ಯಪ್‌ಗೆ ಹಾಕಿದರೆ ಫಾಸ್ಟ್ಯಾಗ್‌ಗೆ 1,000 ರೂಪಾಯಿ. ಪ್ರಾಧಿಕಾರದ ಶೌಚಾಲಯಗಳಿಗೆ ಮಾತ್ರ, ಬಂಕ್, ಡಾಬಾದ್ದಕ್ಕಲ್ಲ.

ಹಾಸನದವಳು:
ಶೌಚಾಲಯವೇ ಇಲ್ಲದ ಕಡೆ ಯಾವುದರ ಫೋಟೋ ತೆಗೆಯೋದು? ಅದಕ್ಕೆ ಎಷ್ಟು ಕೊಡ್ತಾರೆ?

ಟಾಪ್‌ಗೇರ್:
😂 ಇದಕ್ಕೆ ನಾನೂ ಲೈಕ್.

ಬಲದಂಡೆ ನಾಲೆ:
ನಂದೊಂದು ಐಡಿಯಾ ಐತೆ. ರಸ್ತೆ ಅಗಲ ಮಾಡ್ವಾಗ ಹಳೇ ತಿರುವು ನೇರ ಮಾಡ್ತಾರಲ್ಲ, ಆಗ ಪಕ್ಕದಲ್ಲಿ ಹಳೇ ರಸ್ತೆ ತುಂಡು ಹಂಗೇ ಉಳ್ಕೊತದೆ. ಅರ್ಧ ಚಂದ್ರನಂಗೆ. ಡಾಂಬರು ಐತೆ, ಎಷ್ಟೋ ಕಡೆ ಎರಡೂ ಪಕ್ಕ ಮರ ಕಡೀದೆ ಬುಟ್ಟವ್ರೆ. ಜಾಗ ಸರ್ಕಾರದ್ದೇ, ಭೂಸ್ವಾಧೀನ ಅಂತ ಯಾರ್ ಗದ್ದೇನೂ ಕಿತ್ಕೊಳಂಗಿಲ್ಲ. ಅಲ್ಲಿ ಗಾಡಿ ನಿಲ್ಸೋಕೆ ಬುಡ್ರಿ.

ಸಿವಿಲ್ ಮೇಷ್ಟ್ರು:
ಮೈಸೂರು ಹೆದ್ದಾರಿಯಲ್ಲಿ ಆಗಲ್ಲ, ಅಲ್ಲಿ ಎಲ್ಲೆಂದರಲ್ಲಿ ಹೊರಗೆ ಹೋಗೋ ಹಾಗಿಲ್ಲ, ಬೇಲಿ ಇದೆ. ಆದರೆ ತುಮಕೂರು, ಹಿರಿಯೂರು, ಚಿತ್ರದುರ್ಗ ದಾಟಿ ಹೋಗೋ ಪುಣೆ ಹೆದ್ದಾರಿಯಂಥ ಕಡೆ, ರಾಜ್ಯ ಹೆದ್ದಾರಿಗಳಲ್ಲಿ ಇದು ಆಗೋ ಮಾತು. ಕೆಟ್ಟ ಐಡಿಯಾ ಅಲ್ಲ. ಎರಡು ತೊಂದರೆ: ಒಳಗೆ ಹೋಗೋ, ಹೊರಗೆ ಬರೋ ಬಾಯಿ ಸರಿಯಾಗಿ ಮಾಡದಿದ್ದರೆ ಅಲ್ಲೇ ಅಪಘಾತ. ಎರಡನೆಯದು, ಅಂಥ ತುಂಡುಗಳನ್ನು ಎಷ್ಟೋ ಕಡೆ ಅಕ್ಕಪಕ್ಕದವರು ಒಕ್ಕಣೆ ಕಣ ಮಾಡಿಕೊಂಡಿದಾರೆ. ಬಿಡಿಸೋಕೆ ಹೋದ ತಹಶೀಲ್ದಾರರ ಪಾಡು ಗೊತ್ತಲ್ಲ. ಇನ್ನು ಚಾಲಕರ ವಿಶ್ರಾಂತಿ ಹೊಸ ಬೇಡಿಕೆ ಅಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ಮೀರುವ ಮುಂಚೆ ಅರ್ಧ ಗಂಟೆ ಬಿಡುವು, ರಾತ್ರಿ ತಂಗೋ ಕಡೆ ಕೋಣೆ ಅಂತ ಬರೆದಿತ್ತು.

ಹನ್ನೆರಡು ಗಾಲಿ:
ಎಂಟು ತಾಸು! ನಮ್ಮ ಮಾಲಕರಿಗೆ ಓದಿ ತೋರಸ್ತೀನ್ರಿ, ನಗಲಿ ಪಾಪ.

ಆ ಹಳೇ ರಸ್ತಿ ತುಂಡಿನ್ಯಾಗ ನಾವು ಈಗೂ ಮಲಗ್ತೀವ್ರಿ, ನೀವು ಹೊಸದಾಗಿ ಕಂಡುಹಿಡಿಯೂದು ಬ್ಯಾಡ. ಒಂದು ನಳ, ಎರಡು ಲೈಟು, ರಾತ್ರಿ ಒಮ್ಮೆ ಪೊಲೀಸ್ ಜೀಪು ಬಂದು ಹೋದ್ರ ಸಾಕು. ದೊಡ್ಡ ಬೋರ್ಡು ಹಾಕಿ ಟೆಂಡರ್ ಕರದ್ರೋ, ಮೊದಲ ನಮ್ಮನ್ನ ಎಬ್ಬಿಸಿ ಓಡಸ್ತಾರ.

ಹಾಸನದವಳು:
ನಳ, ಲೈಟು, ಜೀಪು ಸರಿ. ಅದರ ಜೊತೆ ಒಳಗಿನಿಂದ ಚಿಲಕ ಬೀಳೋ ಒಂದು ಬಾಗಿಲು. ಪಟ್ಟಿ ಬರೆಯೋವಾಗ ಈ ಸಲನೂ ಅದನ್ನೇ ಬಿಟ್ಟಿದೀರಿ.