ಪದಚರ್ಚೆ: ಸಿವಿಟಿಗೆ ಕನ್ನಡದಲ್ಲಿ ಏನೆನ್ನಬೇಕು? (ನಾಳೆ ಸಂಜೆಗೆ ಬೇಕು)

ದಾವಣಗೆರೆಯಿಂದ:
ಪಿ.ಬಿ. ರಸ್ತೆಯ ಗ್ಯಾರೇಜೊಂದಕ್ಕೆ ಗೋಡೆಫಲಕ. ಪೇಂಟರ್ ನಾಳೆ ಸಂಜೆ ಬರುತ್ತಾರೆ. ಸಿವಿಟಿ ಎಂದರೆ ಒಂದು, ಎರಡು ಎಂದು ಗೇರ್ ಹಾಕದೆ ವೇಗದ ಅನುಪಾತ ಎಡೆಬಿಡದೆ ಬದಲಾಗುವ ಗೇರ್‌ಬಾಕ್ಸ್. ಅದರ ನಾಲ್ಕು ಬಗೆ ತೋರಿಸಬೇಕು: ಉಕ್ಕಿನ ಬೆಲ್ಟ್, ಚೈನು, ಟೊರಾಯ್ಡಲ್, ಹೈಬ್ರಿಡ್ ಕಾರಿನ ಇ-ಸಿವಿಟಿ. ಕರಡಿನಲ್ಲಿ 'ನಿರಂತರ ಪರಿವರ್ತನೀಯ ಪ್ರಸರಣ' ಎಂದಿದೆ. ಕೆಲಸದ ಹುಡುಗರಿಗೆ ಓದಿದ ಕೂಡಲೇ ತಿಳಿಯಬೇಕು.

ಚಿತ್ರದುರ್ಗದಿಂದ:
> ನಿರಂತರ ಪರಿವರ್ತನೀಯ ಪ್ರಸರಣ
ಬೇಡವೇ ಬೇಡ. ಪ್ರಸರಣ ಪತ್ರಿಕೆಗಳದು. 'ಹಂತವಿಲ್ಲದ ಗೇರ್' ಎನ್ನಿ, ಜರ್ಮನ್ನರೂ ಹಾಗೇ ಕರೆಯುತ್ತಾರೆ. 'ಗೇರು' ಎಂದು ಬರೆಸಬೇಡಿ, ಅದು ಗೋಡಂಬಿಯ ಮರ.

ಎರಡು ರಾಟೆಗಳ ಮೇಲೆ ಓಡುವ ಉಕ್ಕಿನ ಬೆಲ್ಟಿನಲ್ಲಿ ನೂರಾರು ಬಿಲ್ಲೆಗಳನ್ನು ತೆಳು ಬಳೆಗಳ ಎರಡು ಕಟ್ಟಿಗೆ ಪೋಣಿಸಿರುತ್ತದೆ. ಬಿಲ್ಲೆ ಬಿಲ್ಲೆಯನ್ನು ಒತ್ತಿಯೇ ಬಲ ದಾಟುತ್ತದೆ. ಹಾಗಾಗಿ 'ತಳ್ಳುಪಟ್ಟಿ'. ಚೈನು ಎಳೆಯುತ್ತದೆ, 'ಎಳೆಸರಪಳಿ'. ಬರೀ 'ಬೆಲ್ಟ್' ಎಂದರೆ ಸ್ಕೂಟರಿನದೂ ಇದೂ ಒಂದೇ ಅಂದುಕೊಳ್ಳುತ್ತಾರೆ. ಸ್ಕೂಟರಿನ ರಬ್ಬರ್ ಬೆಲ್ಟ್ ಒಣಗಿಯೇ ಓಡಬೇಕು, ಎಣ್ಣೆ ತಗುಲಿದರೆ ಜಾರುತ್ತದೆ. ಉಕ್ಕಿನದು ಎಣ್ಣೆಯಲ್ಲೇ ಓಡುವುದು, ಅದೂ ಸಿವಿಟಿಯದೇ ಎಣ್ಣೆ. ಮಾಮೂಲಿ ಆಟೊಮ್ಯಾಟಿಕ್ ಎಣ್ಣೆ ಸುರಿದರೆ ಉಕ್ಕಿಗೆ ಉಕ್ಕಿನ ಹಿಡಿತ ಸಾಲದೆ ಬೆಲ್ಟ್ ಜಾರಿ ರಾಟೆಯ ಮುಖದ ಮೇಲೆ ಗೀರು ಬೀಳುತ್ತದೆ. ಆಮೇಲೆ ಎಣ್ಣೆ ಬದಲಿಸಿದರೂ ಗೀರು ಹೋಗದು. ಹೆಸರಿಗಿಂತ ಮೊದಲು ಇದನ್ನು ಬರೆಸಿ.

ಹರಿಹರದಿಂದ:
ಪಟ್ಟಿ ಗಾಯಕ್ಕೆ ಕಟ್ಟುವುದು. ಗಿರಣಿಯವರ ಬಾಯಲ್ಲಿ 'ಪಟ್ಟಾ' ಇದೆ: ಪಟ್ಟಾ ಹರೀತು, ಪಟ್ಟಾ ಜಾರ್ತದೆ. 'ತಳ್ಳುಪಟ್ಟಾ' ಸರಿ. ಗೇರ್ ಯಾಕೆ, 'ಹಲ್ಲುಗಾಲಿ' ಇಲ್ಲವೇ? ರಾಟೆಯಂಥ ನಮ್ಮದೇ ಮಾತುಗಳಿರುವಾಗ ಎರವಲು ಬೇಡ.

ಚಿತ್ರದುರ್ಗದಿಂದ:
> ರಾಟೆಯಂಥ ನಮ್ಮದೇ ಮಾತು
ಸಂಸ್ಕೃತದ ಅರಘಟ್ಟ, ಪ್ರಾಕೃತದ ಅರಹಟ್ಟ, ಹಿಂದಿಯ ರಹಟ್, ನಮ್ಮ ರಾಟೆ. ನಿಮ್ಮ ಪಟ್ಟಾ ಕೂಡ ಸಂಸ್ಕೃತದ ಪಟ್ಟದಿಂದ ಬಂದದ್ದೇ. ಬಾವಿಕಟ್ಟೆಯ ಮೇಲೆ ಇಷ್ಟು ಕಾಲ ತಿರುಗಿದ ಮೇಲೆ ರಾಟೆ ಕನ್ನಡವೇ. ಗೇರ್‌ಗೂ ಅದೇ ನ್ಯಾಯ. ಇನ್ನು ಹಲ್ಲುಗಾಲಿ: ಮೊದಲ ಮೂರು ಬಗೆಯಲ್ಲಿ ವೇಗ ಬದಲಿಸುವ ಜಾಗದಲ್ಲಿ ಹಲ್ಲೇ ಇಲ್ಲ. ಹೆಸರೇ ಸುಳ್ಳಾಗುತ್ತದೆ. 'ಪಟ್ಟಾ' ಒಪ್ಪಿದೆ.

ಟೊರಾಯ್ಡಲ್‌ಗೆ 'ಓರೆಯುರುಳೆ'. ಬಟ್ಟಲಿನಂತೆ ತಗ್ಗಿರುವ ಎರಡು ತಟ್ಟೆ ಎದುರುಬದುರು, ನಡುವೆ ಉರುಳೆ. ಉರುಳೆ ಓರೆಯಾದಂತೆ ಒಂದು ತಟ್ಟೆಯ ಒಳಸುತ್ತನ್ನೂ ಇನ್ನೊಂದರ ಹೊರಸುತ್ತನ್ನೂ ಮುಟ್ಟುತ್ತದೆ, ವೇಗ ಬದಲಾಗುತ್ತದೆ. ನಿಸ್ಸಾನ್ 1999ರಲ್ಲಿ ಜಪಾನಿನಲ್ಲಿ ಇದನ್ನು ಕಾರಿಗೆ ಹಾಕಿತು.

ಇ-ಸಿವಿಟಿಗೆ ರಾಟೆ ಬರೆಸಿದರೆ ಫಲಕವೇ ತಪ್ಪು. 1997ರ ಪ್ರಿಯಸ್ ಕಾರಿನಿಂದಲೂ ಟೊಯೋಟಾದ ಇ-ಸಿವಿಟಿಯಲ್ಲಿರುವುದು ಸೂರ್ಯ-ಗ್ರಹ ಗೇರ್ ಕೂಟ: ನಡುವೆ ಸೂರ್ಯಗಾಲಿ, ಅದರ ಸುತ್ತ ಗ್ರಹಗಾಲಿಗಳು. ಹಲ್ಲುಗಳು ಸದಾ ಕಚ್ಚಿಕೊಂಡೇ ಇರುತ್ತವೆ. ಸೂರ್ಯಗಾಲಿಗೆ ಕಟ್ಟಿದ ಮೋಟಾರಿನ ವೇಗ ಬದಲಾದರೆ ಎಂಜಿನ್ ವೇಗವೂ ಬದಲಾಗುತ್ತದೆ.

ಹರಿಹರದಿಂದ:
ಈಗ ಸೂರ್ಯ, ಗ್ರಹ! 'ನಡುಗಾಲಿ, ಸುತ್ತುಗಾಲಿ' ಸಾಕಿತ್ತು.

ದಾವಣಗೆರೆಯಿಂದ:
'ನಡುಗಾಲಿ, ಸುತ್ತುಗಾಲಿ' ಹುಡುಗರಿಗೆ ಚಿತ್ರದಲ್ಲೇ ಕಾಣುತ್ತದೆ, ಅದನ್ನೇ ಬರೆಸುತ್ತೇನೆ. ತಲೆಬರಹ 'ಹಂತವಿಲ್ಲದ ಗೇರ್', ಕೆಳಗೆ ತಳ್ಳುಪಟ್ಟಾ, ಎಳೆಸರಪಳಿ, ಓರೆಯುರುಳೆ. ಎಣ್ಣೆಯ ಸಾಲು ಎಲ್ಲಕ್ಕೂ ಮೇಲೆ, ಕೆಂಪಿನಲ್ಲಿ.