ಅಪ್‌ಡೇಟ್: ಥಾಮಸ್ ರೈಲು ಹತ್ತಿದೆವು, ಮಗ ಹೆದರಲಿಲ್ಲ

ಕುಕ್ಕರ್ ವಿಷಲ್‌ಗೂ ಹೆದರೋ ನನ್ನ ಮೂರು ವರ್ಷದ ಮಗನನ್ನ ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್‌ನಲ್ಲಿ ಥಾಮಸ್ ರೈಲಿಗೆ (ಮಕ್ಕಳ ಕಾರ್ಟೂನ್‌ನಲ್ಲಿ ಬರೋ, ಮುಖ ಇರೋ ನೀಲಿ ಎಂಜಿನ್) ಕರ್ಕೊಂಡು ಹೋಗಬಹುದಾ ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದೆವು.

ಕೆಲಸ ಮಾಡಿದ್ದು ಇಯರ್‌ಮಫ್ (ಸದ್ದು ಕೇಳದ ಹಾಗೆ ಕಿವಿ ಮುಚ್ಚೋದು) ಹಾಕಿಸಿ ಅನ್ನೋ ಸಲಹೆ. ಹೇಳಿದವರಿಗೆ ದೊಡ್ಡ ನಮಸ್ಕಾರ! ಮನೆಯಲ್ಲೇ ಹಾಕಿ ಅಭ್ಯಾಸ ಮಾಡಿಸಿದ್ದು ಒಳ್ಳೇದಾಯ್ತು, ಅಲ್ಲಿ ತಕರಾರೇ ಮಾಡಲಿಲ್ಲ. ಯೂಟ್ಯೂಬ್‌ನಲ್ಲಿ ವಿಷಲ್ ಕೇಳಿಸಿ ರೂಢಿ ಮಾಡಿಸಿ ಅಂದಿದ್ರು, ಅದು ಸುಮ್ನೆ ದಂಡ. ಫೋನ್ ನೋಡಿದ್ರೇ ಓಡಿಹೋಗ್ತಿದ್ದ. ಎಂಜಿನ್ ಪಕ್ಕದ ಬೋಗಿಯೂ ಬೇಡ, ಅಲ್ಲಿ ಸದ್ದು ಜಾಸ್ತಿ. ನಾವು ಹಿಂದಿನ ಬೋಗಿಗೆ ಹೋಗಿ ಕೂತೆವು.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಅಮೆರಿಕದ ಊರೂರು ಸುತ್ತೋ ಥಾಮಸ್‌ಗೆ ಸ್ವಂತ ಶಕ್ತಿ ಇಲ್ಲ, ಓಡಿಸೋದು ಬೇರೆ ಎಂಜಿನ್. ಸ್ಟ್ರಾಸ್‌ಬರ್ಗ್‌ನದು ಮಾತ್ರ ನಿಜವಾದ ಉಗಿ ಎಂಜಿನ್. 1917ರಲ್ಲಿ ಕಟ್ಟಿದ್ದು, ಮೊದಲು ನ್ಯೂಯಾರ್ಕ್‌ನ ಬ್ರೂಕ್ಲಿನ್ ಬಂದರಿನ ಕಡೆ ಗೂಡ್ಸ್ ವ್ಯಾಗನ್ ಎಳೀತಿತ್ತಂತೆ. ಆಮೇಲೆ ನೀಲಿ ಬಣ್ಣ ಬಳಿದು ಮುಖ ಹಚ್ಚಿದ್ದಾರೆ. ಚಕ್ರದ ಹತ್ತಿರ ಬುಸ್ ಅಂತ ಉಗಿ ಬರುತ್ತೆ, ಕಣ್ಣುಗುಡ್ಡೆ ಎಡಕ್ಕೂ ಬಲಕ್ಕೂ ಹೊರಳುತ್ತೆ. ಮಗ ಆ ಕಣ್ಣು ನೋಡಿ ಬಾಯಿ ಬಿಟ್ಕೊಂಡು ನಿಂತುಬಿಟ್ಟ. ಅಪ್ಪನೂ ಅಷ್ಟೇ, ಬಿಡಿ.

ಈ ರೈಲು ಓಡಿಸೋ ಸ್ಟ್ರಾಸ್‌ಬರ್ಗ್‌ನ ರೈಲ್ವೆ ಕಂಪನಿ 1832ರದ್ದು. ಥಾಮಸ್ ಇಲ್ಲದ ದಿನವೂ ಅಲ್ಲಿ ಉಗಿ ರೈಲು ಓಡುತ್ತೆ. ನಿಮ್ಮ ಮಗು ತುಂಬಾ ಪುಕ್ಕಲಾದ್ರೆ ಮೊದಲು ಅಂಥ ದಿನ ಹೋಗಿ ದೂರದಿಂದ ತೋರಿಸಿ. ಗದ್ದಲ ಕಡಿಮೆ ಇರುತ್ತೆ.