ತೋಟದಲ್ಲಿ ನಿಂತ ವ್ಯಾನ್, ಇಳಿದುಹೋಗುವ ಬ್ಯಾಟರಿ: ಸೋಲಾರ್ ಎಷ್ಟು ವಾಟ್ ಬೇಕು?

ಪ್ರಶ್ನೆ: ಶ್ರೀನಿವಾಸಪುರ ಕಡೆಯ ಸದಸ್ಯರು

ಅಣ್ಣ, ನಮಸ್ಕಾರ. ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು ಒಳಗೆ ಮಂಚ, ಚಿಕ್ಕ ಅಡುಗೆ ಕಟ್ಟೆ, ಫ್ರಿಜ್ಜು, ಇನ್ವರ್ಟರ್ ಎಲ್ಲ ಮಾಡಿಸಿದ್ದೇನೆ. ದಸರೆಗೆ ಒಂದು ಸಲ, ಬೇಸಿಗೆ ರಜೆಗೆ ಒಂದು ಸಲ ಮನೆಯವರೆಲ್ಲ ಅದರಲ್ಲಿ ಹೊರಡುತ್ತೇವೆ. ಉಳಿದ ತಿಂಗಳೆಲ್ಲ ಗಾಡಿ ಮಾವನವರ ತೋಟದಲ್ಲಿ, ಮಾವಿನ ಮರದ ಕೆಳಗೆ ನಿಂತಿರುತ್ತದೆ. ಹಿಂದುಗಡೆ ಇರುವ 150 ಎ.ಎಚ್. (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎನ್ನುವ ಅಳತೆ) ಟ್ಯೂಬುಲರ್ ಬ್ಯಾಟರಿಯದೇ ಗೋಳು. ಒಂದು ಸತ್ತು ಬದಲಾಯಿಸಿದೆ. ಈಗ ಎರಡನೆಯದೂ 11 ವೋಲ್ಟಿಗೆ ಬಂದು ಕೂತಿದೆ. ಒಂದು ಅಂಗಡಿಯಲ್ಲಿ 200 ವಾಟ್ ಪ್ಯಾನೆಲ್ ಹಾಕಿಸಿ ಎಂದರು. ತೋಟದ ಕರೆಂಟನ್ನು ನಂಬುವ ಹಾಗಿಲ್ಲ. ಎಷ್ಟು ವಾಟ್ ಹಾಕಿಸಲಿ?

ಉತ್ತರ: ಬ್ಯಾಟರಿ ಅಂಗಡಿ, ಕೋಲಾರ

ನಿಂತ ಗಾಡಿಗೆ 200 ವಾಟಾ? ತೂತು ಬಿಂದಿಗೆಗೆ ಎಷ್ಟು ನೀರು ಹಾಕಬೇಕು ಎಂದು ಕೇಳಿದ ಹಾಗಾಯಿತು. ಮೊದಲು ತೂತು ಎಲ್ಲಿದೆ ನೋಡೋಣ.

ಏನೂ ಜೋಡಿಸದೆ ಸುಮ್ನೆ ಇಟ್ಟರೆ ಒಳ್ಳೆಯ ಬ್ಯಾಟರಿ ತಿಂಗಳಿಗೆ ನೂರಕ್ಕೆ ಐದರಷ್ಟು ತಾನಾಗೇ ಇಳಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನಿಮ್ಮ 150ಕ್ಕೆ ತಿಂಗಳಿಗೆ ಏಳೆಂಟು ಎ.ಎಚ್. ಅಂದುಕೊಳ್ಳಿ. ಅಷ್ಟಕ್ಕೇ ಅದು ಸಾಯುವುದಿಲ್ಲ. ಏನೋ ಒಂದು ಒಳಗೆ ಕೂತು ಕುಡಿಯುತ್ತಿದೆ.

ಈಗ ಎರಡು ಕೆಲಸ ಮಾಡಿ. ಒಂದು, ಬ್ಯಾಟರಿ ಬಿಚ್ಚಿ ನಿಮ್ಮೂರಿನ ಯಾವುದಾದರೂ ಅಂಗಡಿಯಲ್ಲಿ ಚಾರ್ಜಿಗೆ ಹಾಕಿಸಿ, ಇವತ್ತೇ. ಇಳಿದ ಬ್ಯಾಟರಿ ಹಾಗೇ ಕೂತಷ್ಟು ದಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗುತ್ತದೆ. ಆಮೇಲೆ ದೇವರೇ ಬಂದರೂ ಬಿಡಿಸಲು ಆಗುವುದಿಲ್ಲ. ಇಷ್ಟು ಇಳಿದದ್ದನ್ನು ಚಿಕ್ಕ ಪ್ಯಾನೆಲ್ಲು ಎಬ್ಬಿಸುವುದೂ ಇಲ್ಲ. ಸೋಲಾರ್ ಇರುವುದು ತುಂಬಿದ್ದನ್ನು ತುಂಬಿದ ಹಾಗೆ ಇಡಲಿಕ್ಕೆ. 150ಕ್ಕೆ 15 ಆಂಪ್ಸ್ ಮೀರದ ಹಾಗೆ, ನಿಧಾನವಾಗಿ ಏರಿಸಲು ಹೇಳಿ.

ಎರಡು, ಬ್ಯಾಟರಿ ವಾಪಸ್ ಕೂರಿಸಿ, ನೀವು ಗಾಡಿಯನ್ನು ಹೇಗೆ ಬಿಟ್ಟು ಹೋಗುತ್ತೀರೋ ಹಾಗೇ ಬಿಡಿ. ಅರ್ಧ ಗಂಟೆ ಕಳೆದ ಮೇಲೆ ಎಷ್ಟು ಆಂಪ್ಸ್ ಹೊರಗೆ ಹೋಗುತ್ತಿದೆ ನೋಡಿ. ಎಲೆಕ್ಟ್ರಿಷಿಯನ್ ಹತ್ತಿರ ವೈರನ್ನು ಸುತ್ತ ಹಿಡಿದು ಆಂಪ್ಸ್ ಅಳೆಯುವ ಕ್ಲ್ಯಾಂಪ್ ಮೀಟರ್ ಇರುತ್ತದೆ. ಆದರೆ ಡಿ.ಸಿ. ಓದುವುದೇ ಬೇಕು. ಮನೆ ವೈರಿಂಗಿಗೆ ಬಳಸುವ ಎಷ್ಟೋ ಮೀಟರ್ ಎ.ಸಿ. ಮಾತ್ರ ಓದುತ್ತವೆ, ಸೊನ್ನೆ ತೋರಿಸಿ ನಿಮ್ಮನ್ನು ಯಾಮಾರಿಸುತ್ತವೆ.

ಶ್ರೀನಿವಾಸಪುರ: ಅಣ್ಣ, ಚಾರ್ಜ್ ಮಾಡಿಸಿದೆ. ಒಂದು ರಾತ್ರಿ ಸುಮ್ನೆ ಇಟ್ಟು ನೋಡಿದರೆ 12.6 ನಿಂತಿದೆ. ಗಾಡಿಯಲ್ಲಿ ಕೂರಿಸಿ ನೋಡಿದರೆ 0.9 ಆಂಪ್ಸ್! ಲೈಟು, ಫ್ರಿಜ್ಜು ಎಲ್ಲ ಆಫ್. ಇನ್ವರ್ಟರಿಗೂ ಏನೂ ಹಾಕಿರಲಿಲ್ಲ, ಆನ್ ಮಾತ್ರ ಇತ್ತು.

ಉತ್ತರ: ಸಿಕ್ಕಿತು ನೋಡಿ. ಏನೂ ಹಾಕದೆ ಇದ್ದರೂ ಆನ್ ಆಗಿರುವ ಇನ್ವರ್ಟರ್ ತನ್ನ ಹೊಟ್ಟೆಗೆ ತಾನು ತಿನ್ನುತ್ತಲೇ ಇರುತ್ತದೆ. 0.9 ಅಂದರೆ ದಿನಕ್ಕೆ ಹೆಚ್ಚುಕಡಿಮೆ 22 ಎ.ಎಚ್. ಒಂದು ವಾರದಲ್ಲಿ 150 ಖಾಲಿ. ನೀವು ಬಿಟ್ಟು ಹೋಗುತ್ತಿದ್ದದ್ದು ಐದು ತಿಂಗಳು. ಆ ಅಂಗಡಿಯವರ 200 ವಾಟ್ ಹಾಕಿಸಿದ್ದರೆ ಇದೇ ದಂಡಪಿಂಡವನ್ನು ಸಾಕಲಿಕ್ಕೆ ಹಾಕಿದ ಹಾಗೆ ಆಗುತ್ತಿತ್ತು.

ಇನ್ವರ್ಟರ್ ಆಫ್ ಮಾಡಿ ಮತ್ತೆ ನೋಡಿ. ಈ ಸಲ ಕ್ಲ್ಯಾಂಪ್ ಬೇಡ, ಅಷ್ಟು ಚಿಕ್ಕದನ್ನು ಅದು ಸರಿಯಾಗಿ ಹೇಳುವುದಿಲ್ಲ. ಇನ್ವರ್ಟರಿನ ವೈರನ್ನೇ ಬಿಚ್ಚಿಟ್ಟು, ಮಾಮೂಲಿ ಮಲ್ಟಿಮೀಟರಿನ 10 ಆಂಪ್ಸ್ ತೂತಿಗೆ ಕೆಂಪು ವೈರ್ ಹಾಕಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆ ವೈರಿಗೂ ಟರ್ಮಿನಲ್ಲಿಗೂ ಮಧ್ಯೆ ಮೀಟರ್ ಸೇರಿಸಿ. ಮೀಟರ್ ಮಧ್ಯೆ ಇರುವಾಗ ಫ್ರಿಜ್ಜು ಗಿಜ್ಜು ಮುಟ್ಟಬೇಡಿ.

ಶ್ರೀನಿವಾಸಪುರ: 40 ಮಿಲಿ ಆಂಪ್ಸ್ ಬಂತು. ಸ್ಟೀರಿಯೋ ಮತ್ತೆ ಗ್ಯಾಸ್ ಲೀಕ್ ಅಲಾರಂ ಇರಬೇಕು.

ಉತ್ತರ: ಅದು ಪರವಾಗಿಲ್ಲ. ದಿನಕ್ಕೆ ಒಂದು ಎ.ಎಚ್. ತಾನಾಗೇ ಇಳಿಯುವ ಕಾಲು ಸೇರಿಸಿದರೆ ಒಂದೂಕಾಲು. 20 ವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಒಂದು ಆಂಪ್ಸ್ ಕೊಡುತ್ತದೆ, ದಿನಕ್ಕೆ ಐದು ಎ.ಎಚ್. ಬಂತು. ನಮ್ಮ ಕಡೆಗೆ ಮಳೆಯ ಬರ ಬರಬಹುದು, ಬಿಸಿಲಿನ ಬರ ಇಲ್ಲ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಮಾಡಿದ್ದು ಸುಮ್ನೇನಾ? ಆದರೂ ನಾನಾದರೆ 40 ವಾಟ್ ಹಾಕುತ್ತೇನೆ. ಧೂಳು ಕೂರುತ್ತದೆ, ಅಕ್ಟೋಬರಿನಲ್ಲಿ ವಾರಗಟ್ಟಲೆ ಮೋಡ ಕಟ್ಟುತ್ತದೆ. ಅದಕ್ಕಿಂತ ಜಾಸ್ತಿ ದುಡ್ಡು ದಂಡ.

ಜೊತೆಗೆ ಚಾರ್ಜ್ ಕಂಟ್ರೋಲರ್ ಬೇಕೇ ಬೇಕು. 12 ವೋಲ್ಟ್ ಎಂದು ಮಾರುವ ಪ್ಯಾನೆಲ್ಲು ಬಿಸಿಲಿನಲ್ಲಿ ಖಾಲಿ ನಿಂತರೆ 21, 22 ವೋಲ್ಟ್ ತೋರಿಸುತ್ತದೆ. ತಿಂಗಳುಗಟ್ಟಲೆ ನೇರ ಕೊಟ್ಟರೆ ಬ್ಯಾಟರಿ ನೀರೆಲ್ಲ ಕುದ್ದು ಆರಿಹೋಗುತ್ತದೆ. ಬ್ಯಾಟರಿ ತುಂಬಿದ ಮೇಲೆ ಕಂಟ್ರೋಲರ್ ಅದನ್ನು 13.6ರ ಆಸುಪಾಸಿಗೆ ಇಳಿಸಿ ಹಿಡಿಯುತ್ತದೆ. ಎಂ.ಪಿ.ಪಿ.ಟಿ. ಎನ್ನುವ ದುಬಾರಿ ಕಂಟ್ರೋಲರ್ ಬೇಡ, ಇಷ್ಟು ಚಿಕ್ಕದಕ್ಕೆ ಪಿ.ಡಬ್ಲ್ಯು.ಎಂ. ಎನ್ನುವ ಸಾದಾ ಬಗೆಯದೇ ಸಾಕು. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ಲು. ಬಿಚ್ಚುವಾಗ ತಿರುಗುಮುರುಗು. ಪಾಸಿಟಿವ್ ವೈರಿಗೆ, ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್. ನಿಂತ ಗಾಡಿಯಲ್ಲಿ ಇಲಿ ವೈರ್ ಕಡಿಯುವುದು ಮಾಮೂಲು, ಹಾಗೆ ಕಡಿದಲ್ಲಿ ಬೆಂಕಿ ಹತ್ತಬಾರದಲ್ಲ.

ಶ್ರೀನಿವಾಸಪುರ: ಪ್ಯಾನೆಲ್ಲನ್ನು ಗಾಡಿ ಮೇಲೆಯೇ ಹಾಕಲಾ?

ಉತ್ತರ: ಮಾವಿನ ಮರದ ಕೆಳಗಾ? ಬೇಡ. ಒಂದು ಕೊಂಬೆಯ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್ಲಿನ ಕೆಲಸ ಕುಸಿಯುತ್ತದೆ. ಜೊತೆಗೆ ಮಾವಿನ ಅಂಟು, ಹಕ್ಕಿ ಹಿಕ್ಕೆ ಬೇರೆ. ಪಂಪ್‌ಹೌಸಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ, 15 ಡಿಗ್ರಿ ಓರೆಯಾಗಿ ಕೂರಿಸಿ. ಮಳೆ ಬಂದರೆ ತಾನಾಗೇ ತೊಳೆದುಕೊಳ್ಳುತ್ತದೆ. ಅಲ್ಲಿಂದ ಗಾಡಿಗೆ ಹತ್ತು ಮೀಟರ್ ಇದ್ದರೆ 2.5 ಸ್ಕ್ವೇರ್ ಎಂ.ಎಂ. ವೈರ್ ಎಳೆಯಿರಿ. ಕಂಟ್ರೋಲರ್ ಮಾತ್ರ ಬ್ಯಾಟರಿ ಹತ್ತಿರವೇ ಇರಲಿ, ಪ್ಯಾನೆಲ್ ಹತ್ತಿರ ಅಲ್ಲ.

ಗೌರಿಬಿದನೂರು ಕಡೆಯ ಸದಸ್ಯರು: ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕಲ್ವಾ ಅಣ್ಣ? ನಮ್ಮ ತಂದೆ ಟ್ರ್ಯಾಕ್ಟರಿಗೆ ಹಾಗೇ ಮಾಡುತ್ತಾರೆ.

ಉತ್ತರ: ತಂದೆಯವರಿಗೆ ನಾನು ಹೇಳಿದೆ ಎನ್ನಬೇಡಿ. ಹತ್ತು ನಿಮಿಷದ ಐಡ್ಲಿಂಗಿನಲ್ಲಿ ಸ್ಟಾರ್ಟರ್ ತಿಂದದ್ದು ವಾಪಸ್ ಬರಬಹುದು. ವಾರವಿಡೀ ಇಳಿದದ್ದು ಬರುವುದಿಲ್ಲ, ಡೀಸೆಲ್ ಹೋಯಿತು ಅಷ್ಟೇ. ಅರ್ಧ ಮುಕ್ಕಾಲು ಗಂಟೆ ಓಡಿಸಿದರೆ ಮಾತು ಬೇರೆ. ಟ್ರ್ಯಾಕ್ಟರ್ ಎರಡು ತಿಂಗಳು ನಿಲ್ಲುವುದಾದರೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ, ಖರ್ಚೇ ಇಲ್ಲ. ಶ್ರೀನಿವಾಸಪುರದವರೂ ಎಂಜಿನ್ ಕಡೆಯ ಬ್ಯಾಟರಿಗೆ ಹೀಗೇ ಮಾಡಬಹುದು, ಅದಕ್ಕೆ ಈ ಪ್ಯಾನೆಲ್ ತಲುಪುವುದಿಲ್ಲ ನೆನಪಿರಲಿ.

ಬಂಗಾರಪೇಟೆ ಸದಸ್ಯರು: ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿಯ ಪ್ಯಾನೆಲ್ 12 ವೋಲ್ಟಿನದು ಇದೆ. ಅದರಿಂದಲೇ ಒಂದು ಎಳೆ ತಂದು ಕಾರಿನ ಬ್ಯಾಟರಿಗೂ ಕೊಡಬಹುದಾ?

ಉತ್ತರ: ಕೊಡಬೇಡಿ. ಒಂದು ಕಂಟ್ರೋಲರಿಗೆ ಎರಡು ಬೇರೆ ಬೇರೆ ಬ್ಯಾಟರಿ ಸೇರಿಸಿದರೆ ಹಳೆಯದು ಹೊಸದನ್ನೂ ಎಳೆದುಕೊಂಡು ಮುಳುಗುತ್ತದೆ. ರಾತ್ರಿ ಬೇಲಿ ನಿಂತರೆ ಬೆಳಗ್ಗೆ ನೆಲಗಡಲೆ ಇರುವುದಿಲ್ಲ. ಕಾರಿಗೆ ಬೇರೆ 10 ವಾಟ್ ಪ್ಯಾನೆಲ್ಲು, ಬೇರೆ ಕಂಟ್ರೋಲರ್ ಇಡಿ.

ಚಿಂತಾಮಣಿ ಸದಸ್ಯರು: ಲಿಥಿಯಂ ಹಾಕಿಸಿದರೆ ಈ ರಗಳೆ ಇಲ್ಲವಂತೆ?

ಉತ್ತರ: ಇಳಿಯುವುದು ಕಡಿಮೆ, ನಿಜ. ಆದರೆ ಅದನ್ನು ತುಂಬಿಸಿ ಇಡುವುದೇ ತಪ್ಪು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಅರ್ಧಕ್ಕೆ ಅಥವಾ ಸ್ವಲ್ಪ ಮೇಲಕ್ಕೆ ತಂದು, ವೈರ್ ಬಿಚ್ಚಿ, ತಂಪು ಜಾಗದಲ್ಲಿಡಿ. ಸೋಲಾರೇ ಬೇಡ. ವರ್ಷಕ್ಕೆ ಎರಡು ಸಲ ಹೊರಡುವವರಿಗೆ ಅಷ್ಟು ಬೆಲೆ ಕೊಟ್ಟು ಅದು ಬೇಕಾ ಎನ್ನುವುದು ನಿಮಗೆ ಬಿಟ್ಟದ್ದು.

ಶ್ರೀನಿವಾಸಪುರ: ಕೊನೆಯದೊಂದು ಅಣ್ಣ. ನೀರು? ನಮ್ಮೂರ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಹಾಕಬಹುದಾ?

ಉತ್ತರ: ಅಯ್ಯೋ, ಇದನ್ನು ವಾರಕ್ಕೆ ಇಬ್ಬರಾದರೂ ಕೇಳುತ್ತಾರೆ. ಆ ನೀರು ಕುಡಿಯಲಿಕ್ಕೆ. ಅದರಲ್ಲೂ ಉಪ್ಪಿನಂಶ ಉಳಿದಿರುತ್ತದೆ, ಬೋರ್‌ವೆಲ್ ನೀರನ್ನಂತೂ ಕೇಳಲೇಬೇಡಿ. ಡಿಸ್ಟಿಲ್ಡ್ ವಾಟರ್ ಮಾತ್ರ. ಪೂರ್ತಿ ಚಾರ್ಜ್ ಆದ ಮೇಲೆ ಗುರುತಿನವರೆಗೆ ಹಾಕಿ, ಆಸಿಡ್ ಮಾತ್ರ ಸೇರಿಸಬೇಡಿ. ತಿಂಗಳಿಗೊಮ್ಮೆ ತೋಟಕ್ಕೆ ಹೋದಾಗ ಪ್ಯಾನೆಲ್ ಒರೆಸಿ, ನೀರಿನ ಮಟ್ಟ ನೋಡಿ. ವೋಲ್ಟ್ ನೋಡುವುದಾದರೆ ಬೆಳಗ್ಗೆ ಬಿಸಿಲೇರುವ ಮುಂಚೆ ನೋಡಿ. 12.5ರ ಮೇಲಿದ್ದರೆ ಸರಿ, 12.2ಕ್ಕಿಂತ ಕೆಳಗಿದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ.